ತರಗತಿಗೆ ಮುಂಚಿನ ಹದಿನೈದು ನಿಮಿಷ: ಭೌತಶಾಸ್ತ್ರಕ್ಕೆ ಆನ್‌ಲೈನ್ ಪೂರ್ವಪಾಠ ಕಟ್ಟುವ ಬಗೆ

ನಾಳಿನ ಪಾಠ ಓದಿಕೊಂಡು ಬನ್ನಿ ಎಂದು ಹೇಳದ ಭೌತಶಾಸ್ತ್ರದ ಮೇಷ್ಟ್ರು ಯಾರೂ ಇಲ್ಲ. ಓದಿಕೊಂಡು ಬರುವವರು ಮಾತ್ರ ಬೆರಳೆಣಿಕೆಯಷ್ಟು. ಇದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮಂಡ್ಯದ ಕಾಲೇಜೊಂದಕ್ಕೆ ಪ್ರಥಮ ಪಿಯುಸಿ ಸೇರಿದ ಹುಡುಗಿಗೆ ಇಂಗ್ಲಿಷ್ ಪುಸ್ತಕದ ಒಂದು ಪುಟ ದಾಟಲು ಅರ್ಧ ಗಂಟೆ ಹಿಡಿಯುತ್ತದೆ. ಆ ಪುಟದಲ್ಲಿ ಮುಖ್ಯವಾದದ್ದು ಯಾವುದು, ಸದ್ಯಕ್ಕೆ ಬಿಟ್ಟರೂ ನಡೆಯುವುದು ಯಾವುದು ಎಂದು ಹೇಳುವವರು ಪಕ್ಕದಲ್ಲಿ ಇರುವುದಿಲ್ಲ. ಓದಿದರೂ ಮರುದಿನ ಮೇಷ್ಟ್ರು ಅದನ್ನೇ ಬೋರ್ಡ್ ಮೇಲೆ ಮೊದಲಿಂದ ಹೇಳುತ್ತಾರೆ. ಹಾಗಿದ್ದ ಮೇಲೆ ಓದುವುದು ಯಾಕೆ?

ಈ ಗಂಟನ್ನು ಬಿಡಿಸಲು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿನಲ್ಲಿ ಗ್ಯಾರಿ ಗ್ಲಾಡಿಂಗ್, ಟಿಮ್ ಸ್ಟೆಲ್ಜರ್, ಮ್ಯಾಟ್ಸ್ ಸೆಲೆನ್ ಮತ್ತು ಅವರ ಸಂಗಡಿಗರು ಪುಸ್ತಕದ ಓದಿನ ಜಾಗಕ್ಕೆ ಧ್ವನಿ, ಚಲಿಸುವ ಚಿತ್ರ, ನಡುನಡುವೆ ಪ್ರಶ್ನೆ ಇರುವ ಚಿಕ್ಕ ಆನ್‌ಲೈನ್ ಪಾಠಗಳನ್ನು, ಅಂದರೆ ತರಗತಿಗೆ ಮುಂಚೆ ನೋಡಿಕೊಂಡು ಬರುವ ಪೂರ್ವಪಾಠಗಳನ್ನು, ತಂದರು. 2009ರಲ್ಲಿ ಸ್ಟೆಲ್ಜರ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಅದೇ ವಿಷಯವನ್ನು ಪುಸ್ತಕದಿಂದ ಕಲಿತವರಿಗಿಂತ ಇಂಥ ಪಾಠದಿಂದ ಕಲಿತವರು ಆಗಲೂ, ಎರಡು ವಾರ ಬಿಟ್ಟು ಕೇಳಿದಾಗಲೂ ಚೆನ್ನಾಗಿ ಉತ್ತರಿಸಿದರು. ಇದಕ್ಕೂ ಮುಂಚೆ, 1990ರ ದಶಕದಲ್ಲೇ, ಗ್ರೆಗರ್ ನೋವಾಕ್ ಮತ್ತು ಜೊತೆಗಾರರು ಇನ್ನೊಂದು ದಾರಿ ಹಾಕಿದ್ದರು. ವಿದ್ಯಾರ್ಥಿಗಳು ತರಗತಿಗೆ ಮುಂಚೆ ಬರೆದು ಕಳಿಸಿದ ಉತ್ತರ ನೋಡಿ, ಅಂದಿನ ಪಾಠವನ್ನು ಅಂದೇ ತಿದ್ದಿಕೊಳ್ಳುವುದು ಆ ದಾರಿ. ಎರಡೂ ಒಂದಾದಾಗಲೇ ಪೂರ್ವಪಾಠಕ್ಕೆ ಅರ್ಥ ಬರುತ್ತದೆ. ವಿಡಿಯೊ ಮಾತ್ರ ಕಳಿಸಿ, ಉತ್ತರ ನೋಡದೆ, ತರಗತಿಯಲ್ಲಿ ಹಳೆಯ ಉಪನ್ಯಾಸವನ್ನೇ ಮುಂದುವರಿಸಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆದ್ದರಿಂದ ವಿಡಿಯೊಗಿಂತ ಹೆಚ್ಚು ಜಾಗವನ್ನು ಪ್ರಶ್ನೆಗಳಿಗೂ ಮರುದಿನದ ಕೆಲಸಕ್ಕೂ ಕೊಟ್ಟಿದ್ದೇವೆ.

ಯಾವ ಪಾಠಕ್ಕೆ ಬೇಕು

ಎಲ್ಲ ಪಾಠಕ್ಕೂ ಮಾಡಲು ಹೋಗಬೇಡಿ. ಹದಿನೈದು ನಿಮಿಷದ ಒಂದು ಪೂರ್ವಪಾಠಕ್ಕೆ ಸ್ಕ್ರಿಪ್ಟ್, ಚಿತ್ರ, ಧ್ವನಿ, ಪ್ರಶ್ನೆ ಎಲ್ಲ ಸೇರಿ ಮೊದಮೊದಲು ಎಂಟು ಹತ್ತು ಗಂಟೆ ಬೇಕಾಗುತ್ತದೆ. ಕೈ ಪಳಗಿದ ಮೇಲೂ ನಾಲ್ಕೈದು ಗಂಟೆಗೆ ಕಮ್ಮಿ ಇಲ್ಲ. ಸೆಮಿಸ್ಟರ್‌ಗೆ ಆರೇಳು ಪಾಠ ಸಾಕು. ವಿದ್ಯಾರ್ಥಿಗಳು ಪ್ರತಿ ವರ್ಷ ಮುಗ್ಗರಿಸುವ ಜಾಗಗಳನ್ನೇ ಆರಿಸಿ: ಸ್ಥಾನ-ಕಾಲ ಮತ್ತು ವೇಗ-ಕಾಲ ಗ್ರಾಫ್‌ಗಳ ವ್ಯತ್ಯಾಸ, ಮೇಲಕ್ಕೆಸೆದ ಚೆಂಡಿಗೆ ತುದಿಯಲ್ಲಿ ವೇಗೋತ್ಕರ್ಷ ಎಷ್ಟು ಎಂಬ ಪ್ರಶ್ನೆ, ನ್ಯೂಟನ್ನನ ಮೂರನೆಯ ನಿಯಮ, ವೃತ್ತೀಯ ಚಲನೆಯಲ್ಲಿ ಬಲದ ದಿಕ್ಕು, ಗುರುತ್ವದ ಎದುರು ಮಾಡುವ ಕೆಲಸ, ದ್ರವದ ಒತ್ತಡ, ಸರಳ ಮಂಡಲದಲ್ಲಿ ವಿದ್ಯುತ್ ಪ್ರವಾಹ. ಸೂತ್ರ ಹಾಕಿ ಲೆಕ್ಕ ಮಾಡುವ ಅಭ್ಯಾಸಕ್ಕೆ ಪೂರ್ವಪಾಠ ಬೇಡ. ಅದಕ್ಕೆ ನೋಟ್‌ಬುಕ್ಕೇ ಸರಿ.

ಒಂದು ಪಾಠಕ್ಕೆ ಒಂದು ವಿಚಾರ, ಬಹಳವಾದರೆ ಎರಡು. ಮೂರನೆಯದು ನುಸುಳಿತು ಅಂದರೆ ಅದು ಮುಂದಿನ ಪಾಠ.

ಸ್ಕ್ರಿಪ್ಟ್ ಮತ್ತು ಪರದೆ

ಹದಿನೈದು ನಿಮಿಷವನ್ನು ಮೂರು ನಾಲ್ಕು ನಿಮಿಷದ ನಾಲ್ಕು ತುಂಡು ಮಾಡಿ. ಪ್ರತಿ ತುಂಡಿಗೂ ಬೇರೆ ಫೈಲ್ ಇರಲಿ. ಕನ್ನಡದಲ್ಲಿ ನಿಧಾನವಾಗಿ ವಿವರಿಸುವಾಗ ನಿಮಿಷಕ್ಕೆ 80ರಿಂದ 100 ಪದ ಹೋಗುತ್ತವೆ. ಹಾಗಾಗಿ ಒಂದು ತುಂಡಿನ ಸ್ಕ್ರಿಪ್ಟ್ 350 ಪದ ದಾಟಬಾರದು. ಸ್ಕ್ರಿಪ್ಟ್ ಬರೆಯದೆ ನೇರ ಮಾತಾಡಿದರೆ ಸಹಜವಾಗಿರುತ್ತದೆ ಎನ್ನುವವರಿದ್ದಾರೆ. ಸಹಜವಾಗಿರುತ್ತದೆ ನಿಜ, ನಾಲ್ಕು ನಿಮಿಷದ್ದು ಒಂಬತ್ತು ನಿಮಿಷವೂ ಆಗುತ್ತದೆ.

ಭಾಷೆಯ ವಿಷಯದಲ್ಲಿ ನಮ್ಮ ಸಲಹೆ ಸ್ಪಷ್ಟ. ವಿವರಣೆಯ ಧ್ವನಿ ಕನ್ನಡದಲ್ಲಿರಲಿ. ಪರದೆಯ ಮೇಲಿನ ಗುರುತು, ಚಿಹ್ನೆ, ಪಾರಿಭಾಷಿಕ ಪದಗಳು ಪರೀಕ್ಷೆಯ ಭಾಷೆಯಲ್ಲಿರಲಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಜವ, ವೇಗ, ವೇಗೋತ್ಕರ್ಷ, ಸಂವೇಗ, ಘರ್ಷಣೆ ಎಲ್ಲ ಗೊತ್ತು. ಅವುಗಳ ಇಂಗ್ಲಿಷ್ ಹೆಸರು ಮೊದಲ ಸಲ ಬರುವಾಗ ಎರಡನ್ನೂ ಒಟ್ಟಿಗೆ ಹೇಳಿ, ಆಮೇಲೆ ಇಂಗ್ಲಿಷ್ ಹೆಸರನ್ನೇ ಬಳಸುತ್ತ ಹೋಗಿ. ಮೈಸೂರಿನ ಕಾಲೇಜುಗಳಲ್ಲಿ ಕೇರಳದ, ಉತ್ತರ ಭಾರತದ ಮಕ್ಕಳೂ ಇರುತ್ತಾರೆ. ಅವರಿಗೆ ಅದೇ ಚಿತ್ರಕ್ಕೆ ಇಂಗ್ಲಿಷ್ ಧ್ವನಿ ಕೂಡಿಸಿದ ಇನ್ನೊಂದು ಫೈಲ್ ಮಾಡಬೇಕು. ತುಂಡುಗಳು ಚಿಕ್ಕದಾಗಿದ್ದರೆ ಇದು ಒಂದು ಸಂಜೆಯ ಕೆಲಸ.

ಪರದೆಯ ಮೇಲೆ ವಾಕ್ಯ ಬರೆದು ಅದನ್ನೇ ಗಟ್ಟಿಯಾಗಿ ಓದಬೇಡಿ. ಕಣ್ಣಿಗೂ ಕಿವಿಗೂ ಒಂದೇ ಸಾಲು ಬೇರೆ ಬೇರೆ ವೇಗದಲ್ಲಿ ಬಂದರೆ ಗಮನ ಎರಡಾಗಿ ಒಡೆಯುತ್ತದೆ. ಬಹುಮಾಧ್ಯಮ ಕಲಿಕೆಯ ಬಗ್ಗೆ ರಿಚರ್ಡ್ ಮೇಯರ್ ನಡೆಸಿದ ಪ್ರಯೋಗಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. ಪರದೆಯಲ್ಲಿ ಚಿತ್ರ, ಬಾಣ, ಗ್ರಾಫ್, ಒಂದೆರಡು ಪದ ಇರಲಿ, ವಿವರಣೆ ಧ್ವನಿಯಲ್ಲಿರಲಿ. ಬಾಣದ ಹೆಸರು ಬಾಣದ ಪಕ್ಕದಲ್ಲೇ ಕೂರಬೇಕು, ಮೂಲೆಯ ಪಟ್ಟಿಯಲ್ಲಲ್ಲ. ಹಿನ್ನೆಲೆ ಸಂಗೀತ, ತಿರುಗುವ ಶೀರ್ಷಿಕೆ, ಕಾಲೇಜಿನ ಲಾಂಛನ ಇವೆಲ್ಲ ತೆಗೆದುಹಾಕಿ. ಮೂಲೆಯಲ್ಲಿ ಮೇಷ್ಟ್ರ ಮುಖ ಬೇಕೇ ಎಂದು ಹಲವರು ಕೇಳುತ್ತಾರೆ. ಮೊದಲ ಪಾಠದ ಮೊದಲ ಅರ್ಧ ನಿಮಿಷಕ್ಕೆ ಇರಲಿ, ಆಮೇಲೆ ಆ ಜಾಗ ಚಿತ್ರಕ್ಕೆ ಬಿಡಿ.

ಅಕ್ಷರದ ಗಾತ್ರವನ್ನು ಲ್ಯಾಪ್‌ಟಾಪ್ ನೋಡಿ ತೀರ್ಮಾನಿಸಬೇಡಿ. ಪವರ್‌ಪಾಯಿಂಟಿನ ಅಗಲ ಸ್ಲೈಡ್ 13.33 ಇಂಚು. ಆರೂವರೆ ಇಂಚಿನ ಫೋನನ್ನು ಅಡ್ಡ ಹಿಡಿದರೆ ವಿಡಿಯೊದ ಅಗಲ ಸುಮಾರು 4.7 ಇಂಚು. ಅಂದರೆ 28 ಪಾಯಿಂಟಿನ ಅಕ್ಷರ 10 ಪಾಯಿಂಟಿಗೆ ಇಳಿಯುತ್ತದೆ, ಓದಬಹುದು. ಫೋನನ್ನು ನೆಟ್ಟಗೆ ಹಿಡಿದರೆ 6 ಪಾಯಿಂಟೂ ಇರುವುದಿಲ್ಲ. ಬಸ್ಸಿನಲ್ಲಿ ನಿಂತು ನೋಡುವವರು ನೆಟ್ಟಗೇ ಹಿಡಿಯುವುದು. ಆದ್ದರಿಂದ ಕನಿಷ್ಠ 32 ಪಾಯಿಂಟ್, ಸಮೀಕರಣಕ್ಕೆ 40. ಒಂದು ಸ್ಲೈಡಿಗೆ ಒಂದೇ ಸಮೀಕರಣ. ಘಾತಾಂಕ, ಪಾದಾಕ್ಷರಗಳು ಮೊದಲು ಮಸುಕಾಗುವುದರಿಂದ, ಮುಗಿದ ವಿಡಿಯೊವನ್ನು ನಿಮ್ಮ ಬಳಿ ಸಿಗುವ ಅತಿ ಅಗ್ಗದ ಫೋನಿನಲ್ಲಿ ಒಮ್ಮೆ ನೋಡಿ.

ಧ್ವನಿ ಮತ್ತು ಫೈಲ್

ಚಿತ್ರ ಸಾಧಾರಣವಾಗಿದ್ದರೂ ಮಕ್ಕಳು ನೋಡುತ್ತಾರೆ, ಧ್ವನಿ ಕೆಟ್ಟರೆ ಬಿಟ್ಟುಬಿಡುತ್ತಾರೆ. ಫೋನಿಗೆ ಸಿಕ್ಕಿಸುವ ಸಾಧಾರಣ ಕಾಲರ್ ಮೈಕ್ ಸಾಕು. ಗಲ್ಲದಿಂದ ಒಂದು ಗೇಣು ಕೆಳಗೆ ಇರಲಿ. ಫ್ಯಾನ್ ಆರಿಸಿ. ಖಾಲಿ ತರಗತಿ ಪ್ರತಿಧ್ವನಿಸುತ್ತದೆ. ಬಟ್ಟೆ ತುಂಬಿದ ಬೀರು, ಹಾಸಿಗೆ ಇರುವ ಮನೆಯ ಕೋಣೆ ಅದಕ್ಕಿಂತ ಎಷ್ಟೋ ಮೇಲು. ಧ್ವನಿಯನ್ನು ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಬೇರೆಯಾಗಿ ದಾಖಲಿಸಿ, ಆಮೇಲೆ ಸ್ಲೈಡಿಗೆ ಹೊಂದಿಸಿದರೆ ಒಂದು ಪದ ತಪ್ಪಿದ್ದಕ್ಕೆ ಇಡೀ ತುಂಡು ಮತ್ತೆ ಹೇಳಬೇಕಾಗುವುದಿಲ್ಲ. ಪರದೆ ದಾಖಲಿಸಲು ಓಬಿಎಸ್ ಸ್ಟುಡಿಯೊ ಉಚಿತ. ಪವರ್‌ಪಾಯಿಂಟಿನಲ್ಲೇ ಎಂಪಿ4 ಆಗಿ ಉಳಿಸುವ ಅನುಕೂಲವೂ ಇದೆ.

ವಿಡಿಯೊಗೆ 720ಪಿ ಸ್ಪಷ್ಟತೆ, ಸೆಕೆಂಡಿಗೆ 15 ಫ್ರೇಮ್ ಸಾಕು. ಸ್ಲೈಡಿನ ಬಾಣಗಳಿಗೆ ಅದಕ್ಕಿಂತ ಹೆಚ್ಚು ಬೇಡ. ಚಿತ್ರಕ್ಕೆ 400 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್), ಒಂಟಿ ಚಾನೆಲ್ ಧ್ವನಿಗೆ 64 ಕೆಬಿಪಿಎಸ್ ಇಟ್ಟರೆ ನಾಲ್ಕು ನಿಮಿಷದ ತುಂಡು 14 ಎಂಬಿ, ಇಡೀ ಪಾಠ 55 ಎಂಬಿ ಆಸುಪಾಸು. ವಾಟ್ಸಾಪಿನಲ್ಲಿ ಕಳಿಸುವುದಾದರೆ ವಿಡಿಯೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ವಿಡಿಯೊ ಆಗಿ ಹೋದರೆ ಅದು ಮತ್ತೆ ಅಮುಕಲ್ಪಟ್ಟು, ವರ್ಗದ ಚಿಹ್ನೆಯೂ ಘನದ ಚಿಹ್ನೆಯೂ ಒಂದೇ ಮಚ್ಚೆಯಾಗಿ ಕಾಣುತ್ತವೆ.

ಪ್ರಶ್ನೆಗಳನ್ನು ಕೂರಿಸುವುದು

ಎರಡು ಬಗೆಯ ಪ್ರಶ್ನೆ ಬೇಕು. ಎರಡನ್ನೂ ಬೆರೆಸಬಾರದು.

ಮೊದಲ ಬಗೆ ತುಂಡು ತುಂಡಿನ ನಡುವೆ ಬರುವ ತಡೆಪ್ರಶ್ನೆ. ಇದು ವಿದ್ಯಾರ್ಥಿಗಾಗಿ. ಈಗಷ್ಟೇ ಕೇಳಿದ್ದು ಅರ್ಥವಾಯಿತೇ ಎಂದು ಅವನೇ ನೋಡಿಕೊಳ್ಳಲು. ಸರಿ ಉತ್ತರ ಕೊಟ್ಟರೆ ಮುಂದಿನ ತುಂಡು, ತಪ್ಪಿದರೆ ಅದೇ ವಿಚಾರವನ್ನು ಬೇರೆ ಉದಾಹರಣೆಯಲ್ಲಿ ಹೇಳುವ ಒಂದು ನಿಮಿಷದ ಉಪತುಂಡು. ಎರಡನೆಯ ಬಗೆ ಕೊನೆಯಲ್ಲಿ ಬರುವ ಪೂರ್ವಪ್ರಶ್ನೆ, ಎರಡೋ ಮೂರೋ. ಇದು ನಿಮಗಾಗಿ. ಪಾಠದಲ್ಲಿ ನೇರವಾಗಿ ಹೇಳಿರದ ಸನ್ನಿವೇಶವನ್ನು ಕೊಟ್ಟು, ಆಯ್ಕೆಯ ಜೊತೆಗೆ ‘ಯಾಕೆ ಎಂದು ಎರಡು ಸಾಲು ಬರೆಯಿರಿ’ ಎಂದು ಕೇಳುವುದು. ಕನ್ನಡ, ಇಂಗ್ಲಿಷ್, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಯಾವುದಾದರೂ ಸರಿ ಎಂದು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಅರ್ಧ ತರಗತಿ ಆ ಪೆಟ್ಟಿಗೆಯಲ್ಲಿ ಒಂದು ಚುಕ್ಕಿ ಇಟ್ಟು ಮುಂದೆ ಹೋಗುತ್ತದೆ.

ಇದನ್ನು ಗೂಗಲ್ ಫಾರ್ಮ್‌ನಲ್ಲೇ ಮಾಡಬಹುದು. ವಿಡಿಯೊ ತುಂಡುಗಳನ್ನು ಯೂಟ್ಯೂಬಿಗೆ ಅನ್‌ಲಿಸ್ಟೆಡ್ ಆಗಿ (ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ) ಏರಿಸಿ, ಫಾರ್ಮ್‌ನಲ್ಲಿ ಒಂದು ತುಂಡಿಗೆ ಒಂದು ಸೆಕ್ಷನ್ ಮಾಡಿ, ವಿಡಿಯೊ ಕೂಡಿಸಿ, ಕೆಳಗೆ ತಡೆಪ್ರಶ್ನೆ ಇಡಿ. ಪ್ರಶ್ನೆಯ ಮೂರು ಚುಕ್ಕಿಯ ಮೆನುವಿನಲ್ಲಿ, ಉತ್ತರಕ್ಕೆ ತಕ್ಕಂತೆ ಬೇರೆ ಸೆಕ್ಷನ್‌ಗೆ ಕಳಿಸುವ ಆಯ್ಕೆ ಇದೆ. ಒಂದೇ ಉತ್ತರ ಆರಿಸುವ ಪ್ರಶ್ನೆಗೂ ಡ್ರಾಪ್‌ಡೌನ್‌ಗೂ ಮಾತ್ರ ಅದು ಸಿಗುತ್ತದೆ. ಇಲ್ಲಿ ಎರಡು ಕಡೆ ಎಡವುತ್ತಾರೆ. ಸರಿ ಉತ್ತರದವನನ್ನು ಉಪತುಂಡು ದಾಟಿಸಿ ಮುಂದಿನ ತುಂಡಿಗೆ ಕಳಿಸಲು ಮರೆಯುತ್ತಾರೆ. ಸುಮ್ಮನೆ ಬಿಟ್ಟರೆ ಎಲ್ಲರೂ ಸಾಲಾಗಿ ಉಪತುಂಡಿಗೇ ಬೀಳುತ್ತಾರೆ. ಎರಡನೆಯದು, ವಿದ್ಯಾರ್ಥಿ ಹಿಂದೆ ಹೋಗಿ ಉತ್ತರ ಬದಲಿಸಿದರೆ ಕೊನೆಯ ಉತ್ತರವಷ್ಟೇ ಉಳಿಯುತ್ತದೆ, ಮೊದಲು ತಪ್ಪಿದ್ದು ಕಾಣುವುದಿಲ್ಲ. ತಡೆಪ್ರಶ್ನೆಗೆ ಅಂಕ ಇಡದಿದ್ದರೆ ಹಿಂದೆ ಹೋಗಿ ತಿದ್ದುವ ಚಪಲವೇ ಇರುವುದಿಲ್ಲ.

ಕಾಲೇಜಿನಲ್ಲಿ ಮೂಡಲ್ ಎಂಬ ಆನ್‌ಲೈನ್ ಪಾಠವ್ಯವಸ್ಥೆ ಇದ್ದರೆ, ವಿಡಿಯೊದ ನಡುವೆಯೇ ಪ್ರಶ್ನೆ ಕೂರಿಸುವ ಅದರ ಎಚ್5ಪಿ ಇಂಟರ್‌ಆಕ್ಟಿವ್ ವಿಡಿಯೊ ಇನ್ನೂ ಅಚ್ಚುಕಟ್ಟು. ಮುಂದಕ್ಕೆ ಓಡಿಸದಂತೆ ತಡೆಯುವ ಗುಂಡಿಯೂ ಅದರಲ್ಲಿದೆ. ಅದನ್ನು ಒತ್ತದಿರುವುದು ಒಳ್ಳೆಯದು. ಗೊತ್ತಿರುವುದನ್ನು ದಾಟಿಸಿ ಹೋಗುವ ಹುಡುಗನನ್ನು ಕಟ್ಟಿಹಾಕಿದರೆ ಫೋನನ್ನು ಓಡಲು ಬಿಟ್ಟು ಊಟಕ್ಕೆ ಏಳುತ್ತಾನೆ, ಅಷ್ಟೇ.

ಕೊಲೊರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್ಸಿನಲ್ಲಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ, ಪರದೆಯ ಮೇಲೆ ಪ್ರಯೋಗ ಆಡಿಸಿ ನೋಡುವ ಫೆಟ್ ಸಿಮ್ಯುಲೇಶನ್‌ಗಳೂ ಉಚಿತ. ಹೊಸ ಆವೃತ್ತಿಗಳು ಫೋನಿನ ಬ್ರೌಸರ್‌ನಲ್ಲೇ ಓಡುತ್ತವೆ, ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಆದರೆ ‘ಆಡಿ ನೋಡಿ’ ಎಂದು ಲಿಂಕ್ ಕಳಿಸಿದರೆ ಗೊಂಬೆ ಎಳೆದಾಡಿ ಮುಚ್ಚುತ್ತಾರೆ. ಮೊದಲು ಊಹೆ ಬರೆಸಿ, ಆಮೇಲೆ ಓಡಿಸಲು ಹೇಳಿ, ಕಂಡದ್ದು ಊಹೆಗಿಂತ ಎಲ್ಲಿ ಬೇರೆಯಾಯಿತು ಎಂದು ಕೇಳಿ.

ಒಂದು ಪಾಠ, ಪೂರ್ತಿಯಾಗಿ: ಕಬ್ಬಿನ ಟ್ರ್ಯಾಕ್ಟರ್

ಮೂರನೆಯ ನಿಯಮಕ್ಕೆ ಪುಸ್ತಕಗಳು ರಾಕೆಟ್, ದೋಣಿ ತರುತ್ತವೆ. ಮಂಡ್ಯ ಸೀಮೆಯಲ್ಲಿ ಕಬ್ಬು ಕಡಿಯುವ ಕಾಲಕ್ಕೆ ಪ್ರತಿ ವಿದ್ಯಾರ್ಥಿಯ ಕಣ್ಣೆದುರು ಓಡಾಡುವ ಟ್ರ್ಯಾಕ್ಟರ್ ಮತ್ತು ಟ್ರೇಲರ್ ಇದಕ್ಕೆ ಹೇಳಿಮಾಡಿಸಿದಂತಿದೆ.

ತುಂಡು ಒಂದು, ಮೂರು ನಿಮಿಷ. ಕೊಂಡಿ ಹಾಕಿದ ಟ್ರ್ಯಾಕ್ಟರ್ ಮತ್ತು ಟ್ರೇಲರಿನ ರೇಖಾಚಿತ್ರ. ಬಲ ಎಂದರೆ ಯಾವುದೋ ಒಂದು ವಸ್ತು ಇನ್ನೊಂದರ ಮೇಲೆ ಹಾಕುವುದು. ಹಾಗಾಗಿ ಪ್ರತಿ ಬಾಣಕ್ಕೂ ಎರಡು ಹೆಸರು ಬೇಕು: ಯಾರು ಹಾಕಿದ್ದು, ಯಾರ ಮೇಲೆ. ತಡೆಪ್ರಶ್ನೆ: ಟ್ರೇಲರ್ ಮೇಲೆ ನೆಲಕ್ಕೆ ಸಮಾನಾಂತರವಾಗಿ ಬಲ ಹಾಕುತ್ತಿರುವ ವಸ್ತುಗಳು ಯಾವುವು? ‘ಎಂಜಿನ್’ ಎಂಬ ಆಯ್ಕೆ ಇರಲೇಬೇಕು, ಬಹಳ ಮಂದಿ ಅದನ್ನೇ ಒತ್ತುತ್ತಾರೆ. ಎಂಜಿನ್ ಟ್ರೇಲರನ್ನು ಮುಟ್ಟುವುದೇ ಇಲ್ಲ, ಮುಟ್ಟುವುದು ಕೊಂಡಿ ಎಂದು ಉಪತುಂಡಿನಲ್ಲಿ ಹೇಳಿ.

ತುಂಡು ಎರಡು, ನಾಲ್ಕು ನಿಮಿಷ. ಎರಡು ಬೇರೆ ಬೇರೆ ಫ್ರೀ ಬಾಡಿ ಡಯಾಗ್ರಾಂ (ಒಂದು ವಸ್ತುವಿನ ಮೇಲಿನ ಬಲಗಳನ್ನಷ್ಟೇ ತೋರಿಸುವ ಚಿತ್ರ), ಒಂದು ಟ್ರ್ಯಾಕ್ಟರಿಗೆ, ಒಂದು ಟ್ರೇಲರಿಗೆ. ಕೊಂಡಿಯ ಜೋಡಿ ಬಲಗಳಿಗೆ ಎರಡೂ ಚಿತ್ರದಲ್ಲಿ ಒಂದೇ ಬಣ್ಣ ಕೊಡಿ, ಉಳಿದವಕ್ಕೆ ಬೂದು. ಜೋಡಿಯ ಎರಡು ಬಾಣಗಳು ಎಂದೂ ಒಂದೇ ಚಿತ್ರದಲ್ಲಿ ಬರುವುದಿಲ್ಲ ಎಂಬುದು ಕಣ್ಣಿಗೆ ಕಾಣಬೇಕು.

ತುಂಡು ಮೂರು, ನಾಲ್ಕು ನಿಮಿಷ. ಅಂಕಿಗಳು. ತುಂಬಿದ ಟ್ರೇಲರ್ 8000 ಕೆಜಿ, ಟ್ರ್ಯಾಕ್ಟರ್ 2000 ಕೆಜಿ, ಉರುಳುವಾಗಿನ ತಡೆ ಟ್ರೇಲರಿಗೆ 2400 ನ್ಯೂಟನ್, ಟ್ರ್ಯಾಕ್ಟರಿಗೆ 600 ನ್ಯೂಟನ್, ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 0.25 ಮೀಟರ್ ಎಂದಿಟ್ಟುಕೊಳ್ಳಿ. ಟ್ರೇಲರಿಗೆ ಬೇಕಾದ ನಿವ್ವಳ ಬಲ 2000 ನ್ಯೂಟನ್, ತಡೆ 2400, ಆದ್ದರಿಂದ ಕೊಂಡಿ ಎಳೆಯಬೇಕಾದದ್ದು 4400. ಟ್ರೇಲರ್ ಟ್ರ್ಯಾಕ್ಟರನ್ನು ಹಿಂದಕ್ಕೆ ಎಳೆಯುವುದೂ 4400. ಹಾಗಾದರೆ ಟ್ರ್ಯಾಕ್ಟರ್ ಮುಂದೆ ಹೋಗುವುದು ಹೇಗೆ? ದೊಡ್ಡ ಗಾಲಿ ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲ ಗಾಲಿಯನ್ನು ಮುಂದಕ್ಕೆ ತಳ್ಳುತ್ತದೆ. ಆ ಬಲ 4400, 600 ಮತ್ತು ಟ್ರ್ಯಾಕ್ಟರಿನ ವೇಗ ಹೆಚ್ಚಿಸಲು ಬೇಕಾದ 500 ಸೇರಿ 5500 ನ್ಯೂಟನ್. ಕೆಸರಿನ ಗದ್ದೆಯಲ್ಲಿ ಗಾಲಿ ಸುತ್ತಿದರೂ ಗಾಡಿ ಕದಲದೆ ಇರುವುದು ಈ ಬಲ ಸಿಗದೆ.

ತುಂಡು ನಾಲ್ಕು, ಎರಡು ನಿಮಿಷ. ಸಮವೇಗದಲ್ಲಿ ಹೋಗುವಾಗ ಕೊಂಡಿಯ ಬಲ 2400 ನ್ಯೂಟನ್ನಿಗೆ ಇಳಿಯುವುದನ್ನು ತೋರಿಸಿ ನಿಲ್ಲಿಸಿ. ಬ್ರೇಕ್ ಹಾಕಿದಾಗ ಏನಾಗುತ್ತದೆ ಎಂದು ಹೇಳಬೇಡಿ. ಅದು ಪೂರ್ವಪ್ರಶ್ನೆ.

ಪೂರ್ವಪ್ರಶ್ನೆ 1: ಟ್ರ್ಯಾಕ್ಟರ್ ವೇಗ ಹೆಚ್ಚಿಸಿಕೊಳ್ಳುತ್ತಿದೆ. ಅದು ಟ್ರೇಲರನ್ನು ಎಳೆಯುವ ಬಲ, ಟ್ರೇಲರ್ ಅದನ್ನು ಎಳೆಯುವ ಬಲಕ್ಕಿಂತ ಹೆಚ್ಚೋ, ಕಡಿಮೆಯೋ, ಸಮವೋ? ಯಾಕೆ? ಪಾಠದಲ್ಲಿ ಉತ್ತರ ಇದ್ದರೂ ಇದನ್ನು ಬಿಡಬೇಡಿ. 4400ರ ಲೆಕ್ಕ ನೋಡಿದ ಮೇಲೂ ‘ಹೆಚ್ಚು’ ಎನ್ನುವವರು ಯಾಕೆ ಹಾಗೆನ್ನುತ್ತಾರೆ ಎಂಬುದು ಬೇಕು.

ಪೂರ್ವಪ್ರಶ್ನೆ 2: ಬ್ರೇಕಿಲ್ಲದ ಟ್ರೇಲರ್. ಟ್ರ್ಯಾಕ್ಟರ್ ಬ್ರೇಕ್ ಒತ್ತಿ ಸೆಕೆಂಡ್ ವರ್ಗಕ್ಕೆ 0.5 ಮೀಟರ್‌ನಂತೆ ನಿಧಾನವಾಗುತ್ತಿದೆ. ಕೊಂಡಿ ಟ್ರೇಲರಿನ ಮೇಲೆ ಯಾವ ದಿಕ್ಕಿಗೆ ಬಲ ಹಾಕುತ್ತದೆ? ಲೆಕ್ಕ ಹೀಗೆ: ಟ್ರೇಲರ್ ನಿಧಾನವಾಗಲು ಹಿಂದಕ್ಕೆ 4000 ನ್ಯೂಟನ್ ಬೇಕು, ತಡೆ ಕೊಡುವುದು 2400, ಉಳಿದ 1600 ಕೊಂಡಿಯಿಂದ ಹಿಂದಕ್ಕೆ ಬರಬೇಕು. ಅಂದರೆ ಟ್ರೇಲರ್ 1600 ನ್ಯೂಟನ್ ಬಲದಿಂದ ಟ್ರ್ಯಾಕ್ಟರನ್ನು ಮುಂದಕ್ಕೆ ದೂಡುತ್ತಿದೆ. ಇಳಿಜಾರಿನಲ್ಲಿ ಲೋಡು ದೂಡುತ್ತದೆ ಎಂದು ಡ್ರೈವರ್‌ಗಳು ಹೇಳುವುದು ಇದನ್ನೇ. ರೈತರ ಮನೆಯ ಮಕ್ಕಳು ಈ ಪ್ರಶ್ನೆಗೆ ಪಟ್ಟಣದವರಿಗಿಂತ ಬೇಗ ದಿಕ್ಕು ಹಿಡಿದರೆ ಅಚ್ಚರಿಯಿಲ್ಲ.

ಇದೇ ಬಗೆಯಲ್ಲಿ ಬೇರೆ ಪಾಠಗಳಿಗೂ ಸುತ್ತಮುತ್ತಲೇ ಸಾಮಗ್ರಿ ಇದೆ. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಛಾಪಿಸುವ ಕೆಆರ್‌ಎಸ್ ನೀರಿನ ಮಟ್ಟ, ತುಂಬಿದಾಗ 124.80 ಅಡಿ, ದ್ರವದ ಒತ್ತಡಕ್ಕೆ ಒಳ್ಳೆಯ ಪ್ರವೇಶ. 38 ಮೀಟರ್ ನೀರಿನ ಕಂಬ ಬುಡದಲ್ಲಿ ಸುಮಾರು 3.7 ಲಕ್ಷ ಪಾಸ್ಕಲ್ ಒತ್ತಡ ಹಾಕುತ್ತದೆ. ಹಿಂದೆ ನಿಂತ ನೀರು ಎಷ್ಟು ಮೈಲಿ ಹರಡಿದ್ದರೂ ಆ ಒತ್ತಡ ಬದಲಾಗುವುದಿಲ್ಲ ಎಂಬುದನ್ನು ಮಕ್ಕಳು ಸುಲಭಕ್ಕೆ ನಂಬುವುದಿಲ್ಲ, ಪೂರ್ವಪ್ರಶ್ನೆ ಅಲ್ಲೇ ಇಡಿ. ಚಾಮುಂಡಿ ಬೆಟ್ಟವನ್ನು ಒಂದೇ ತಪ್ಪಲಿನಿಂದ ಮೆಟ್ಟಿಲಲ್ಲಿ ಹತ್ತಿದರೂ ರಸ್ತೆಯಲ್ಲಿ ಸುತ್ತಿ ಹೋದರೂ ಗುರುತ್ವದ ಎದುರು ಮಾಡುವ ಕೆಲಸ ಒಂದೇ. ಕಾಲು ನೋಯುವುದು ಬೇರೆ ಲೆಕ್ಕ, ಆ ಪ್ರಶ್ನೆಯೂ ಬಂದೇ ಬರುತ್ತದೆ.

ಗಡುವು, ಅಂಕ, ಫೋನಿಲ್ಲದವರು

ಪಾಠವನ್ನು ಎರಡು ದಿನ ಮುಂಚೆ ಕಳಿಸಿ, ಹಿಂದಿನ ರಾತ್ರಿ 10 ಗಂಟೆಗೆ ಗಡುವು ಇಡಿ. ಬೆಳಿಗ್ಗೆ ಎಂಟರ ಗಡುವು ಬೇಡ. ನಾಗಮಂಗಲ, ಕೆ.ಆರ್.ಪೇಟೆ, ಮಳವಳ್ಳಿ ಕಡೆಯ ಹಳ್ಳಿಗಳಿಂದ ಬರುವವರು ಆ ಹೊತ್ತಿಗೆ ಬಸ್ಸಿನಲ್ಲಿರುತ್ತಾರೆ. ನೀವೂ ಉತ್ತರ ನೋಡಲು ಪುರುಸೊತ್ತಿಲ್ಲದೆ ತರಗತಿಗೆ ಓಡಬೇಕಾಗುತ್ತದೆ. ಫಾರ್ಮ್‌ನ ಪಟ್ಟಿಯಲ್ಲಿ ಪ್ರತಿ ಉತ್ತರದ ಸಮಯ ದಾಖಲಾಗಿರುವುದರಿಂದ ತಡವಾದವು ತಾವೇ ಬೇರೆಯಾಗುತ್ತವೆ.

ಪೂರ್ವಪ್ರಶ್ನೆಗೆ ಅಂಕ ಕೊಡುವುದು ಪ್ರಾಮಾಣಿಕವಾಗಿ ಯೋಚಿಸಿ ಬರೆದದ್ದಕ್ಕೆ, ಸರಿ ಉತ್ತರಕ್ಕಲ್ಲ. ಸರಿ ಉತ್ತರಕ್ಕೆ ಅಂಕ ಇಟ್ಟ ರಾತ್ರಿಯೇ ಒಬ್ಬನ ಉತ್ತರ ಇಡೀ ವಾಟ್ಸಾಪ್ ಗುಂಪಿನ ಉತ್ತರವಾಗುತ್ತದೆ. ನಿಮ್ಮ ನಿಯಮ ಒಪ್ಪಿದರೆ ಆಂತರಿಕ ಮೌಲ್ಯಮಾಪನದಲ್ಲಿ ಒಂದು ಸಣ್ಣ ಪಾಲು ಇಡಿ, ಒಪ್ಪದಿದ್ದರೆ ಪೂರ್ವಪ್ರಶ್ನೆಗಳ ಧಾಟಿಯ ಒಂದು ಪ್ರಶ್ನೆ ಪ್ರತಿ ಕಿರುಪರೀಕ್ಷೆಯಲ್ಲಿ ಬರಲಿ. ಏನೂ ಇಡದೆ ಬರೀ ಒಳ್ಳೆಯತನವನ್ನು ನಂಬಿದರೆ ಮೂರನೆಯ ವಾರಕ್ಕೆ ಉತ್ತರಗಳು ಸೊರಗುತ್ತವೆ.

ಸ್ವಂತ ಫೋನಿಲ್ಲದವರನ್ನು ಕೈ ಎತ್ತಿಸಿ ಕೇಳಬೇಡಿ, ಫಾರ್ಮ್‌ನಲ್ಲೋ ಚೀಟಿಯಲ್ಲೋ ತಿಳಿದುಕೊಳ್ಳಿ. ಅವರಿಗೆ ಕಂಪ್ಯೂಟರ್ ಲ್ಯಾಬ್ ಸಂಜೆ ಒಂದು ಗಂಟೆ ತೆರೆದಿರಲಿ. ಫೈಲ್‌ಗಳು ಲ್ಯಾಬಿನ ಯಂತ್ರಗಳಲ್ಲೇ ಇರಲಿ, ಹೆಡ್‌ಫೋನ್ ನಾಲ್ಕಾರು ಇರಲಿ. ಉತ್ತರವನ್ನು ಕಾಗದದ ಮೇಲೆ ಬರೆದುಕೊಟ್ಟರೂ ನಡೆಯುತ್ತದೆ.

ಬೆಳಗಿನ ಮುಕ್ಕಾಲು ಗಂಟೆ

ಅರವತ್ತು ಮಂದಿಯ ತರಗತಿಯಾದರೆ ಬಂದ ಉತ್ತರಗಳೆಲ್ಲವನ್ನೂ ಓದಬೇಕಿಲ್ಲ. ಪಟ್ಟಿಯನ್ನು ಆಯ್ಕೆಯ ಪ್ರಕಾರ ಜೋಡಿಸಿ, ಪ್ರತಿ ಆಯ್ಕೆಯಿಂದ ಎಂಟು ಹತ್ತು ವಿವರಣೆ ಓದಿ. ಕಬ್ಬಿನ ಟ್ರ್ಯಾಕ್ಟರಿನ ಮೊದಲ ಪ್ರಶ್ನೆಗೆ ಮೂರು ಬಗೆಯ ತಪ್ಪು ನಿರೀಕ್ಷಿಸಬಹುದು. ‘ಟ್ರ್ಯಾಕ್ಟರಿಗೆ ಎಂಜಿನ್ ಇದೆ, ಆದ್ದರಿಂದ ಅದರದ್ದೇ ಹೆಚ್ಚು’ ಎಂಬುದು ಒಂದು. ‘ಎರಡೂ ಸಮವಾದರೆ ಒಂದಕ್ಕೊಂದು ವಜಾ ಆಗಿ ಗಾಡಿ ಹೊರಡುವುದೇ ಇಲ್ಲ’ ಎಂಬುದು ಇನ್ನೊಂದು. ಮೂರನೆಯದು ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುವಂಥದ್ದು: ‘ಸಮ, ಯಾಕೆಂದರೆ ಟ್ರ್ಯಾಕ್ಟರ್ ಒಂದೇ ವೇಗದಲ್ಲಿ ಹೋಗುತ್ತಿದೆ.’ ಆಯ್ಕೆ ಸರಿ, ಕಾರಣ ತಪ್ಪು, ಜೊತೆಗೆ ಪ್ರಶ್ನೆಯನ್ನೂ ಓದಿಲ್ಲ. ‘ಯಾಕೆ’ ಪೆಟ್ಟಿಗೆ ಇಲ್ಲದಿದ್ದರೆ ಇವನು ಬಲ್ಲವರ ಸಾಲಿನಲ್ಲಿ ಕೂತಿರುತ್ತಿದ್ದ.

ಎರಡು ಮೂರು ವಿವರಣೆಗಳನ್ನು ಹೆಸರಿಲ್ಲದೆ, ಅವರ ಮಾತಿನಲ್ಲೇ, ಸ್ಲೈಡಿಗೆ ಹಾಕಿ. ವ್ಯಾಕರಣ ತಿದ್ದಬೇಡಿ. ತನ್ನದೇ ಮಾತು ಪರದೆಯ ಮೇಲೆ ಕಂಡ ವಿದ್ಯಾರ್ಥಿ ಮುಂದಿನ ಸಲ ಇನ್ನೊಂದು ಸಾಲು ಹೆಚ್ಚು ಬರೆಯುತ್ತಾನೆ.

ತರಗತಿಯಲ್ಲಿ

ಪೂರ್ವಪಾಠವನ್ನು ಪುನಃ ಹೇಳಬೇಡಿ. ಇದು ಅತಿ ಕಷ್ಟದ ನಿಯಮ. ನೋಡದೆ ಬಂದವರ ಮುಖ ನೋಡಿದಾಗ ‘ಒಂದ್ಸಲ ಬೇಗ ಹೇಳಿಬಿಡೋಣ’ ಅನ್ನಿಸುತ್ತದೆ. ಹಾಗೆ ಎರಡು ಸಲ ಮಾಡಿದರೆ ನೋಡಿಕೊಂಡು ಬರುತ್ತಿದ್ದವರೂ ನಿಲ್ಲಿಸುತ್ತಾರೆ.

ಮೊದಲ ಐದು ನಿಮಿಷ ಸ್ಲೈಡಿನ ಮೇಲಿನ ವಿವರಣೆಗಳನ್ನು ಮುಂದಿಟ್ಟು, ಇವರಲ್ಲಿ ಯಾರ ಮಾತು ಒಪ್ಪುತ್ತೀರಿ ಎಂದು ಕೇಳಿ. ಹಾರ್ವರ್ಡಿನ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಸಿದ, ನೆರೆಯವರೊಡನೆ ವಾದಿಸಿ ಕಲಿಯುವ ವಿಧಾನ ಇಲ್ಲಿ ನೇರವಾಗಿ ಕೂರುತ್ತದೆ. ಉತ್ತರ ಒತ್ತಿ ಕಳಿಸುವ ದುಬಾರಿ ಕ್ಲಿಕರ್ ಬೇಡ; ನಾಲ್ಕು ಬಣ್ಣದ ರಟ್ಟಿನ ಚೀಟಿ ಸಾಕು. ಚೀಟಿಯನ್ನು ಎದೆಗೆ ಒತ್ತಿ ಹಿಡಿದು, ಮೂರು ಎಣಿಸಿದಾಗ ಒಟ್ಟಿಗೆ ತೋರಿಸಲಿ, ಇಲ್ಲದಿದ್ದರೆ ಮುಂದಿನ ಬೆಂಚಿನ ಜಾಣೆಯ ಬಣ್ಣವೇ ಹಿಂದಿನವರೆಗೂ ಹರಿಯುತ್ತದೆ. ಸರಿ ಉತ್ತರ ನೂರಕ್ಕೆ ಮೂವತ್ತರಿಂದ ಎಪ್ಪತ್ತರ ನಡುವೆ ಇದ್ದರೆ ಎರಡು ನಿಮಿಷ ಪಕ್ಕದವರೊಡನೆ ವಾದಿಸಲು ಬಿಟ್ಟು ಮತ್ತೆ ಚೀಟಿ ಎತ್ತಿಸಿ. ಮೂವತ್ತಕ್ಕಿಂತ ಕಡಿಮೆ ಇದ್ದರೆ ವಾದದಿಂದ ಪ್ರಯೋಜನವಿಲ್ಲ, ಹೇಳಿಕೊಡಬೇಕು. ಎಂಬತ್ತು ದಾಟಿದ್ದರೆ ಒಂದು ವಾಕ್ಯ ಹೇಳಿ ಮುಂದೆ ಹೋಗಿ.

ಮೂರನೆಯ ನಿಯಮಕ್ಕೆ ಎರಡು ಸ್ಪ್ರಿಂಗ್ ತಕ್ಕಡಿ ತನ್ನಿ. ಕೊಕ್ಕೆಗೆ ಕೊಕ್ಕೆ ಸಿಕ್ಕಿಸಿ ಇಬ್ಬರು ಎಳೆಯಲಿ: ಒಬ್ಬ ದಪ್ಪ, ಒಬ್ಬ ಸಣ್ಣ, ಒಬ್ಬ ಎಳೆಯುವುದು, ಇನ್ನೊಬ್ಬ ಸುಮ್ಮನೆ ಹಿಡಿದಿರುವುದು, ಇಬ್ಬರೂ ನಡೆಯುತ್ತ. ಒಂದು ಎಚ್ಚರಿಕೆ: ತಕ್ಕಡಿಯನ್ನು ಅಡ್ಡ ಹಿಡಿದಾಗ ಕೊಕ್ಕೆಯ ತೂಕ ಸ್ಪ್ರಿಂಗಿನ ಮೇಲೆ ಬೀಳುವುದಿಲ್ಲ, ಸೊನ್ನೆ ತುಸು ಜಾರುತ್ತದೆ. ಅಡ್ಡ ಇಟ್ಟೇ ಸೊನ್ನೆ ಹೊಂದಿಸಿಕೊಳ್ಳಿ. ಇಲ್ಲದಿದ್ದರೆ ಎರಡು ತಕ್ಕಡಿ ಎರಡು ಅಂಕಿ ತೋರಿಸಿ, ನ್ಯೂಟನ್ನನೇ ತಪ್ಪು ಎಂದು ತರಗತಿ ಖುಷಿಯಿಂದ ತೀರ್ಮಾನಿಸುತ್ತದೆ.

ಉಳಿದ ಸಮಯ ಎರಡನೆಯ ಪೂರ್ವಪ್ರಶ್ನೆಗೆ, ಆಮೇಲೆ ಪರೀಕ್ಷೆಯ ಮಟ್ಟದ ಒಂದು ಲೆಕ್ಕಕ್ಕೆ. ಲೆಕ್ಕ ಬಿಟ್ಟರೆ ಪೋಷಕರಿಂದ ಹಿಡಿದು ಪ್ರಾಂಶುಪಾಲರವರೆಗೆ ಎಲ್ಲರೂ ಕೇಳುತ್ತಾರೆ, ಕೇಳುವುದರಲ್ಲಿ ನ್ಯಾಯವೂ ಇದೆ.

ಫಲ ಬಂತೇ ಎಂದು ನೋಡುವುದು

ವಿಡಿಯೊ ಎಷ್ಟು ಸಲ ನೋಡಲ್ಪಟ್ಟಿತು ಎಂಬ ಲೆಕ್ಕ ಬಿಟ್ಟುಬಿಡಿ, ಅದರಿಂದ ಕಲಿಕೆ ತಿಳಿಯುವುದಿಲ್ಲ. ಯಂತ್ರಶಾಸ್ತ್ರದ ಭಾಗಕ್ಕೆ ಹೆಸ್ಟಿನಿಸ್, ವೆಲ್ಸ್, ಸ್ವಾಕ್‌ಹ್ಯಾಮರ್ 1992ರಲ್ಲಿ ಪ್ರಕಟಿಸಿದ, 1995ರಲ್ಲಿ ಪರಿಷ್ಕೃತವಾಗಿ 30 ಪ್ರಶ್ನೆಗಳಿರುವ ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ ಎಂಬ, ಬಲದ ಪರಿಕಲ್ಪನೆ ಎಷ್ಟು ತಿಳಿದಿದೆ ಎಂದು ಅಳೆಯುವ ಪರೀಕ್ಷೆಯನ್ನು ಸೆಮಿಸ್ಟರಿನ ಆರಂಭದಲ್ಲೂ ಕೊನೆಯಲ್ಲೂ ಕೊಡಿ. ಫಿಸ್‌ಪೋರ್ಟ್ ತಾಣದಲ್ಲಿ ಬೋಧಕರಿಗೆ ಸಿಗುತ್ತದೆ. ಪ್ರಶ್ನೆಪತ್ರಿಕೆ ವಾಪಸ್ ತೆಗೆದುಕೊಳ್ಳಿ, ಫೋಟೊ ಹೊರಗೆ ಹೋಗದಂತೆ ನೋಡಿಕೊಳ್ಳಿ, ಉತ್ತರ ಚರ್ಚಿಸಬೇಡಿ. ಆಮೇಲೆ ಗಳಿಕೆಯ ಲೆಕ್ಕ, ಅಂಕಗಳನ್ನು ಶೇಕಡಾವಾರು ಇಟ್ಟುಕೊಂಡು: ಕೊನೆಯ ಸರಾಸರಿಯಲ್ಲಿ ಮೊದಲ ಸರಾಸರಿ ಕಳೆದು, ನೂರರಲ್ಲಿ ಮೊದಲ ಸರಾಸರಿ ಕಳೆದ ಉಳಿಕೆಯಿಂದ ಭಾಗಿಸಿ. 30ರಿಂದ 51ಕ್ಕೆ ಏರಿದರೆ 21ನ್ನು 70ರಿಂದ ಭಾಗಿಸಿ 0.30. ರಿಚರ್ಡ್ ಹೇಕ್ 1998ರಲ್ಲಿ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಿ ಒಟ್ಟುಮಾಡಿದಾಗ ಬರೀ ಉಪನ್ಯಾಸದ ತರಗತಿಗಳ ಸರಾಸರಿ ಗಳಿಕೆ 0.23, ವಿದ್ಯಾರ್ಥಿಗಳು ತೊಡಗಿಕೊಳ್ಳುವ ತರಗತಿಗಳದ್ದು 0.48 ಬಂದಿತ್ತು.

ಒಟ್ಟು ಸರಾಸರಿಗಿಂತ ಬಿಡಿ ಪ್ರಶ್ನೆಗಳ ಗಳಿಕೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೂರನೆಯ ನಿಯಮದ ಪ್ರಶ್ನೆಗಳು ಮೇಲೆದ್ದು ವೃತ್ತೀಯ ಚಲನೆಯವು ಇದ್ದಲ್ಲೇ ಇದ್ದರೆ, ವೃತ್ತೀಯ ಚಲನೆಯ ಪೂರ್ವಪಾಠ ತೆರೆದು, ತಡೆಪ್ರಶ್ನೆಗಳಲ್ಲಿ ಅತಿ ಹೆಚ್ಚು ಮಂದಿ ಉಪತುಂಡಿಗೆ ಹೋದದ್ದು ಯಾವುದರಿಂದ ಎಂದು ಪಟ್ಟಿಯಲ್ಲಿ ಹುಡುಕಿ. ಮುಂದಿನ ವರ್ಷಕ್ಕೆ ಆ ನಾಲ್ಕು ನಿಮಿಷದ ತುಂಡನ್ನು ಮಾತ್ರ ಮತ್ತೆ ದಾಖಲಿಸಿ, ಉಳಿದವು ಹಾಗೇ ಇರಲಿ.